ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ)

ಹಳ್ಳಿಗಾಡಿನ ಬಡ, ನಿರುದ್ಯೋಗಿ ಯುವಜನರಿಗೆ ಸ್ವಂತ ಕಸುಬು ಆರಂಭಿಸಲು ಊಟ, ವಸತಿ ಸಹಿತ ಉಚಿತ ತರಬೇತಿ ನೀಡುವ ಜಿಲ್ಲಾ ಮಟ್ಟದ ಸಂಸ್ಥೆ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಯೋಜನೆಯಾದ ಇದರ ನಿರ್ವಹಣೆ ಬ್ಯಾಂಕುಗಳದ್ದು. ಜಾಗವನ್ನು ರಾಜ್ಯ ಸರ್ಕಾರ ಒದಗಿಸುತ್ತದೆ.

ಇದರ ಮೂಲ ಮಾದರಿ ಕರ್ನಾಟಕದ್ದು. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದವು. ಅದರ ಯಶಸ್ಸನ್ನು ಕಂಡ ಕೇಂದ್ರವು 2009ರಲ್ಲಿ, ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ತೆರೆಯುವ ಯೋಜನೆ ರೂಪಿಸಿತು.

ಹೈನುಗಾರಿಕೆ, ಜೇನು ಸಾಕಣೆ, ಹೊಲಿಗೆ, ಮನೆ ವೈರಿಂಗ್, ಮೊಬೈಲ್ ರಿಪೇರಿ ಮೊದಲಾದವು ತರಬೇತಿಯ ವಿಷಯಗಳು. ಅವಧಿ ಕೆಲವೇ ವಾರಗಳು. ಕಸುಬಿನ ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿಗಳೊಂದಿಗಿನ ವ್ಯವಹಾರ, ಸಾಲದ ಅರ್ಜಿಗೆ ಯೋಜನಾ ವರದಿ ತಯಾರಿಸುವುದನ್ನೂ ಕಲಿಸಲಾಗುತ್ತದೆ. ಮಾರುಕಟ್ಟೆ ಸಮೀಕ್ಷೆಗೆಂದು ಶಿಬಿರಾರ್ಥಿಗಳು ಅಂಗಡಿ ಬೀದಿಗೆ ಹೋಗಿ ಕಚ್ಚಾ ಸಾಮಗ್ರಿಯ ದರ, ಬೇಡಿಕೆ, ಲಾಭಾಂಶಗಳನ್ನು ಕೇಳಿ ಬರೆದುಕೊಂಡು ಬರುತ್ತಾರೆ.

ತರಬೇತಿ ಮುಗಿದ ಬಳಿಕ ಎರಡು ವರ್ಷ ಸಂಸ್ಥೆಯು ಅವರ ಸಂಪರ್ಕದಲ್ಲಿದ್ದು, ಬ್ಯಾಂಕ್ ಸಾಲ ಪಡೆಯಲು ನೆರವಾಗುತ್ತದೆ. ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳದ ಈ ಅನುಸರಣೆಯೇ ಯೋಜನೆಯ ನಿಜವಾದ ಬಲ. ಬಂಡವಾಳವಿಲ್ಲದವರಿಗೆ ಸಾಲ ಕೈಸೇರದಿದ್ದರೆ ಕಲಿತ ವಿದ್ಯೆ ಉದ್ಯೋಗವಾಗುವುದು ಕಷ್ಟ.