ಹಿತ್ತಾಳೆ ಪಾತ್ರೆ, ತವರದ ಲೇಪ: ಕಲಾಯಿಯ ಕಥೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳೆಯ ಮನೆಗಳ ಅಟ್ಟದ ಮೇಲೆ ಈಗಲೂ ಒಂದಿಷ್ಟು ಹಳೆಯ ಬಾಂಡೆ ಸಾಮಾನು ಕಾಣಸಿಗುತ್ತದೆ: ತಾಮ್ರದ ಹಂಡೆ, ಹಿತ್ತಾಳೆ ಕೊಡ, ಗಂಗಾಳ, ಚರಗಿ, ದೊಡ್ಡ ಬೋಗುಣಿ. ಅವನ್ನು ಕೆಳಗಿಳಿಸಿ ಒಳಮೈ ನೋಡಿ. ಹಂಡೆಯ ಒಳಗೆ ಬರೀ ತಾಮ್ರ ಕಾಣುತ್ತದೆ. ಆದರೆ ಅಡುಗೆಯ ಬೋಗುಣಿಯ ಒಳಗೆ ಅಲ್ಲಲ್ಲಿ ಬೆಳ್ಳಿಯಂತೆ ಬಿಳಿಯ ಪೊರೆ ಉಳಿದಿರುತ್ತದೆ. ಅದೇ ಕಲಾಯಿ, ಅಂದರೆ ತವರದ ತೆಳು ಲೇಪ.

ಹಂಡೆಗೆ ಇಲ್ಲದ ಲೇಪ ಬೋಗುಣಿಗೆ ಏಕೆ ಬೇಕಾಯಿತು? ಹಂಡೆಯಲ್ಲಿ ಕಾಯುವುದು ಸ್ನಾನದ ನೀರು. ಬೋಗುಣಿಯಲ್ಲಿ ಬೇಯುವುದು ಹುಣಸೆಹುಳಿಯ ಸಾರು, ಮಜ್ಜಿಗೆಯ ಪದಾರ್ಥ. ಹುಳಿಯ ಆಮ್ಲವೂ ಗಾಳಿಯ ಆಮ್ಲಜನಕವೂ ಕೂಡಿದರೆ ತಾಮ್ರ ಕರಗಿ ಆಹಾರಕ್ಕೆ ಸೇರುತ್ತದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಅದರಿಂದಲೂ ತಾಮ್ರ ಬಿಡುತ್ತದೆ. ನಮ್ಮ ಹೆಣ್ಣುಮಕ್ಕಳು ಇದನ್ನು ‘ಕಿಲುಬು’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ರಾತ್ರಿಯ ಸಾರನ್ನು ಹಿತ್ತಾಳೆ ಪಾತ್ರೆಯಲ್ಲಿ ಬೆಳಗಿನವರೆಗೆ ಬಿಡಬಾರದೆಂಬುದು ಮನೆಮನೆಯ ಕಟ್ಟಳೆ. ರಸಾಯನ ವಿಜ್ಞಾನವೂ ಅದನ್ನೇ ಹೇಳುತ್ತದೆ. ಹುಳಿ ಪದಾರ್ಥ ಪಾತ್ರೆಯಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಕರಗುವ ತಾಮ್ರ ಹೆಚ್ಚು.

ಕಲಾಯಿ ಎಂಬ ಪದವೇ ದೂರದಿಂದ ಬಂದದ್ದು. ಅರಬ್ಬಿ ಭಾಷೆಯಲ್ಲಿ ‘ಕಲಈ’ ಎಂದರೆ ತವರ. ತವರ ಸಿಗುವ ಮಲಯಾ ಕರಾವಳಿಯ ಒಂದು ರೇವಿನ ಹೆಸರಿನಿಂದ ಈ ಪದ ಹುಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಗಡಿಯಾಚೆಯ ಕೊಲ್ಹಾಪುರ, ಸಾಂಗಲಿಗಳಲ್ಲಿ ಇದೇ ‘ಕಲ್ಹಈ’. ಪಾತ್ರೆ ಮಾರುತ್ತಿದ್ದವರು ಬೋಗಾರರು, ಕಾಸಾರರು. ಬೆಳಗಾವಿಯ ಬೋಗಾರವೇಸ ಎಂಬ ಹೆಸರಿನಲ್ಲಿ ಆ ಪದ ಇನ್ನೂ ಉಳಿದಿದೆ. ಆದರೆ ಕಲಾಯಿ ಹಾಕುವವನು ಬೇರೆ. ಅವನು ಊರೂರು ತಿರುಗುತ್ತ ಬಂದು, ಮರದ ನೆರಳಿನಲ್ಲಿ ನೆಲ ಅಗೆದು ಒಲೆ ಹೂಡುತ್ತಿದ್ದ.

ಅವನ ಕೆಲಸವನ್ನು ಹಂತ ಹಂತವಾಗಿ ನೋಡೋಣ. ಅದರಲ್ಲಿ ಒಳ್ಳೆಯ ಲೋಹವಿಜ್ಞಾನವಿದೆ. ಮೊದಲು ಪಾತ್ರೆಯನ್ನು ಮರಳು, ಹುಳಿ ಹಾಕಿ ತಿಕ್ಕಿ ಜಿಡ್ಡು, ಕಿಲುಬು ತೆಗೆಯುತ್ತಾನೆ. ತಿದಿಯೂದಿ ಇದ್ದಿಲಿನ ಕೆಂಡದ ಮೇಲೆ ಅದನ್ನು ಕಾಯಿಸುತ್ತಾನೆ. ಬಿಸಿ ಲೋಹ ಗಾಳಿಯಲ್ಲಿ ಕೂಡಲೇ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯ ಮೇಲೆ ತವರ ಹಿಡಿಯದು. ಅದಕ್ಕಾಗಿ ನವಸಾಗರದ ಪುಡಿ ಉದುರಿಸುತ್ತಾನೆ. ನವಸಾಗರವೆಂದರೆ ಅಮೋನಿಯಮ್ ಕ್ಲೋರೈಡ್. ಬಿಸಿಗೆ ಅದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆಯುತ್ತದೆ. ಹೈಡ್ರೋಜನ್ ಕ್ಲೋರೈಡ್ ಆಕ್ಸೈಡನ್ನು ತಿಂದುಹಾಕುತ್ತದೆ. ಮೇಲೇಳುವ ಬಿಳಿ ಹೊಗೆ ಎಂದರೆ ಆ ಎರಡು ಅನಿಲಗಳು ತಣ್ಣಗಾಗಿ ಮತ್ತೆ ನವಸಾಗರವಾದದ್ದು. ಆ ಹೊತ್ತಿಗೆ ತವರದ ಕಡ್ಡಿಯನ್ನು ತಾಗಿಸಿದರೆ ಸಾಕು, 232 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಹರಿಯುತ್ತದೆ. ಹತ್ತಿಯ ಉಂಡೆಯಿಂದ ಅದನ್ನು ಒಳಮೈಯೆಲ್ಲ ಸವರಿ, ಪಾತ್ರೆಯನ್ನು ನೀರಿಗೆ ಅದ್ದುತ್ತಾನೆ. ತವರ ಬಣ್ಣದಂತೆ ಸುಮ್ಮನೆ ಮೆತ್ತಿಕೊಂಡಿರುವುದಿಲ್ಲ. ನಡುವೆ ತಾಮ್ರ ಮತ್ತು ತವರ ಬೆರೆತ ತೆಳುವಾದ ಪದರ ಉಂಟಾಗುತ್ತದೆ; ಬೆಸುಗೆಯ ಬಲ ಅಲ್ಲಿದೆ.

ಇಷ್ಟಾದರೂ ಲೇಪ ಸವೆಯುತ್ತದೆ, ಮತ್ತೆ ಹಾಕಿಸಬೇಕು. ಈ ಖರ್ಚನ್ನು ತಪ್ಪಿಸಿದ್ದು ಅಲ್ಯೂಮಿನಿಯಮ್. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅದರ ಪಾತ್ರೆಗಳನ್ನು ಮಾಡಿಸತೊಡಗಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಇಲಾಖೆಯ ಮುಖ್ಯಸ್ಥರಾಗಿ ಬಂದವರು ಇವರೇ. 1970ರ ಹೊತ್ತಿಗೆ ಬೆಳಗಾವಿಯಲ್ಲೇ ಅಲ್ಯೂಮಿನಿಯಮ್ ಕಾರ್ಖಾನೆ ನಿಂತಿತು. ಇನ್ನು ಸ್ಟೇನ್‌ಲೆಸ್ ಸ್ಟೀಲ್. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ರೂಪಿಸಿದ ಈ ಉಕ್ಕಿನಲ್ಲಿರುವ ಕ್ರೋಮಿಯಮ್ ತನ್ನ ರಕ್ಷಣೆಯ ಪೊರೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಗೀರಿದರೆ ಮತ್ತೆ ಬೆಳೆಸಿಕೊಳ್ಳುತ್ತದೆ. 1980ರ ದಶಕದ ಆರಂಭದಲ್ಲಿ ಸೇಲಂನ ಕಾರ್ಖಾನೆ ಇದರ ಹಾಳೆ ತಯಾರಿಸತೊಡಗಿತು. ಕಲಾಯಿಯವನ ಕೂಗು ಓಣಿಗಳಲ್ಲಿ ವಿರಳವಾಗುತ್ತ ಹೋಯಿತು.

ಇದು ಬರೀ ಅನುಕೂಲದ ಕಥೆಯಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸುಮಾರು ಅದೇ ಕಾಲದಲ್ಲಿ ಒಂದು ಕಾಯಿಲೆಯೂ ಮರೆಯಾಯಿತು. 1887ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ವರದಿಯಾಗಿದ್ದ, ಎಳೆಯ ಮಕ್ಕಳ ಯಕೃತ್ತು ಗಟ್ಟಿಯಾಗುವ ರೋಗವದು. ಒಂದೆರಡು ವರ್ಷದ ಮಗುವಿನ ಹೊಟ್ಟೆ ಉಬ್ಬುತ್ತದೆ, ಕಾಮಾಲೆ ಕಾಣಿಸಿಕೊಳ್ಳುತ್ತದೆ, ಕೆಲವೇ ತಿಂಗಳಲ್ಲಿ ಸಾವು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಹೋದ ಉದಾಹರಣೆಗಳಿವೆ. ‘ಭಾರತದ ಮಕ್ಕಳ ಸಿರೋಸಿಸ್’ ಎಂದೇ ಜಗತ್ತು ಅದನ್ನು ಕರೆಯಿತು. 1970ರ ದಶಕದ ಕೊನೆಯಲ್ಲಿ, ಈ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತವಾಗಿ ತುಂಬಿರುವುದು ಕಂಡುಬಂತು. ತಾಮ್ರ ಎಲ್ಲಿಂದ ಬಂತು?

ಉತ್ತರದ ಸುಳಿವು ಸಿಕ್ಕಿದ್ದು ಪುಣೆಯಲ್ಲಿ. ನಿಪ್ಪಾಣಿಯ ಮೂಲಕ ಹಾದುಹೋಗುವ ಹೆದ್ದಾರಿ ಅಲ್ಲಿಗೇ ಮುಟ್ಟುತ್ತದೆ. ಗಡಿಯ ಎರಡೂ ಕಡೆಯ ಹಳೆಯ ಅಡುಗೆಮನೆಗಳಲ್ಲಿ ತಾಮ್ರ–ಹಿತ್ತಾಳೆಯ ಪಾತ್ರೆಗಳೇ ತುಂಬಿದ್ದವು. ಟ್ಯಾನರ್, ಭಾವೆ, ಪಂಡಿತ್ ಮತ್ತು ಅವರ ಸಂಗಡಿಗರು 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಊಹೆಯನ್ನು ಮುಂದಿಟ್ಟರು: ರೋಗ ಬಂದ ಮಕ್ಕಳಿಗೆ ಬೇಗನೆ ಮೇಲುಹಾಲು ಕೊಡಲು ತೊಡಗಿದ್ದರು, ಆ ಹಾಲನ್ನು ಕಾಯಿಸಿ ಇಡುತ್ತಿದ್ದುದು ಹಿತ್ತಾಳೆ ಪಾತ್ರೆಯಲ್ಲಿ. ಹಾಲು ಹುಳಿಯಲ್ಲವಲ್ಲ ಎಂದು ನೀವು ಕೇಳಬಹುದು. ಹಾಲಿನ ಕೇಸೀನ್ ಎಂಬ ಪ್ರೋಟೀನು ತಾಮ್ರವನ್ನು ತನಗೆ ಅಂಟಿಸಿಕೊಳ್ಳುತ್ತದೆ. ಒಳಗೆ ಕಲಾಯಿ ಗಟ್ಟಿಯಾಗಿದ್ದರೆ ಹಾಲಿಗೆ ತಾಮ್ರ ಸೋಕುವುದೇ ಇಲ್ಲ. ಸವೆದ ಪಾತ್ರೆಯಲ್ಲಿ ಅಪಾಯ.

ಹಾಗಾದರೆ ಹಿತ್ತಾಳೆಯ ಹಾಲು ಕುಡಿದ ಎಲ್ಲ ಮಕ್ಕಳಿಗೂ ರೋಗ ಬರಬೇಕಿತ್ತು. ಬರಲಿಲ್ಲ. ಆದ್ದರಿಂದ ಆನುವಂಶಿಕ ದೌರ್ಬಲ್ಯವೂ ಜೊತೆಗಿರಬೇಕೆಂದು ಹಲವು ಸಂಶೋಧಕರು ಭಾವಿಸುತ್ತಾರೆ. 1996ರಲ್ಲಿ ಆಸ್ಟ್ರಿಯದ ಟಿರೋಲ್ ಪ್ರಾಂತದಿಂದ ಇಂಥದೇ ವರದಿ ಬಂತು: 1900ರಿಂದ 1974ರವರೆಗೆ 138 ಮಕ್ಕಳು ಇದೇ ಬಗೆಯ ರೋಗಕ್ಕೆ ತುತ್ತಾಗಿದ್ದರು. ಅಲ್ಲಿಯೂ ಕಾರಣವೆಂದು ಕಂಡದ್ದು ಕಲಾಯಿಯಿಲ್ಲದ ತಾಮ್ರದ ಪಾತ್ರೆಯ ಹಾಲು. ಪಾತ್ರೆ ಬದಲಾದ ಮೇಲೆ ರೋಗ ನಿಂತಿತು. ನಮ್ಮಲ್ಲಿ ಸ್ಟೀಲಿನ ಪಾತ್ರೆ ಬಂದದ್ದನ್ನು ಅಂತಸ್ತಿನ ಗುರುತಾಗಿ ನೆನೆಯುವವರೇ ಹೆಚ್ಚು. ಮಕ್ಕಳ ಜೀವ ಉಳಿಸಿದ್ದರಲ್ಲಿ ಅದರ ಪಾಲನ್ನು ನೆನೆಯುವವರು ಕಡಿಮೆ.

ಈಗ ತಾಮ್ರ–ಹಿತ್ತಾಳೆಯ ಮೋಹ ಮರಳಿ ಬಂದಿದೆ. ಅಟ್ಟದ ಬೋಗುಣಿಯನ್ನು ಒಲೆಗೆ ಏರಿಸುವ ಆಸೆ ನಿಮಗೂ ಇದ್ದರೆ ಮೊದಲು ಕಲಾಯಿ ಹಾಕಿಸಿ. ಒಳಗೆ ಕೆಂಪು ಅಥವಾ ಹಳದಿ ಇಣುಕಿದರೆ ಮತ್ತೆ ಹಾಕಿಸುವವರೆಗೆ ಅಡುಗೆಗೆ ಬೇಡ. ಖಾಲಿ ಪಾತ್ರೆಯನ್ನು ಉರಿಯ ಮೇಲಿಡಬೇಡಿ. 232 ಡಿಗ್ರಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಮರದ ಸೌಟು ಬಳಸಿ, ತಂತಿಯ ಉಜ್ಜುಗವನ್ನು ದೂರವಿಡಿ. ಹುಣಸೆಹಣ್ಣಿನಿಂದ ಹೊರಮೈ ಬೆಳಗಿ, ಒಳಗೆ ಬೇಡ. ತಾಮ್ರದ ಕೊಡದಲ್ಲಿ ನೀರು ಇಡಬಹುದು, ನಿಂಬೆಯ ಪಾನಕ ಇಡಬಾರದು.

ಕಲಾಯಿಯವನು ಸಿಕ್ಕಾಗ ಅವನ ಲೋಹವನ್ನೊಮ್ಮೆ ಪರೀಕ್ಷಿಸಿ. ತವರದ ಬೆಲೆ ತಾಮ್ರಕ್ಕಿಂತ ಎಷ್ಟೋ ಹೆಚ್ಚು, ಸೀಸ ಅಗ್ಗ. ಸೀಸ ಬೆರೆಸಿದ ಕಲಾಯಿ ತಾಮ್ರಕ್ಕಿಂತ ಕೆಟ್ಟ ವಿಷ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಒಳಗಿನ ಹರಳುಗಳು ಜರುಗಿ ಕಿರ್ರೆಂದು ಸದ್ದಾಗುತ್ತದೆ. ಸದ್ದು ಬಾರದೆ ಮೆತ್ತಗೆ ಬಾಗಿ, ಕಾಗದದ ಮೇಲೆ ಎಳೆದಾಗ ಬೂದುಗಪ್ಪು ಗೆರೆ ಮೂಡಿಸಿದರೆ ಅದರಲ್ಲಿ ಸೀಸ ಹೆಚ್ಚಿದೆ ಎಂದು ತಿಳಿಯಿರಿ.