ಕೊಳ್ಳಿ ಯಾರ ಕೈಯಲ್ಲಿ?

ನೆಲವನ್ನು ಕಾಯಿಸಿಕೊಂಡು ಬದುಕುವ ಅಗತ್ಯ ನಮ್ಮ ಧಾರವಾಡ ಸೀಮೆಗಿಲ್ಲ. ಕಲಘಟಗಿ ತಾಲ್ಲೂಕಿನ ನಮ್ಮ ದುಮ್ಮವಾಡದಲ್ಲಿ ಚಳಿಗೆ ಒಂದು ಕೌದಿ ಸಾಕು, ಬಚ್ಚಲೊಲೆಯ ಮುಂದೆ ಒಂದು ಗಳಿಗೆ ಕೂತರೆ ಸಾಕು. ಹಂಡೆಯ ನೀರು ಹೆಚ್ಚು ಕಾದರೆ ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತೇವೆ, ಸಾಲದಿದ್ದರೆ ಒಳಗೆ ತಳ್ಳುತ್ತೇವೆ. ಚಳಿ ದೇಶಗಳಲ್ಲಿ ಮಾತ್ರ ನೆಲದಡಿಯ ಬೆಂಕಿಗೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದನ್ನು ಓದುವಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ: ಕೊಳ್ಳಿ ಯಾರ ಕೈಯಲ್ಲಿತ್ತು?

ರೋಮನ್ನರ ಸ್ನಾನಗೃಹಗಳಲ್ಲಿದ್ದ ಏರ್ಪಾಟಿನ ಹೆಸರು ಹೈಪೊಕಾಸ್ಟ್. ಕ್ರಿ.ಪೂ. ಮೊದಲ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್ ಅದರ ಅಳತೆಗಳನ್ನೇ ಬರೆದಿಟ್ಟಿದ್ದಾನೆ. ಎರಡು ಅಡಿ ಎತ್ತರದ ಇಟ್ಟಿಗೆ ಕಂಬಗಳ ಮೇಲೆ ನೆಲ, ಅದರ ಕೆಳಗೆ ಕುಲುಮೆಯಿಂದ ಹರಿಯುವ ಬಿಸಿಗಾಳಿ. ಮೇಲೆ ಸ್ನಾನ ಮಾಡುವವರು, ಕೆಳಗೆ ಸೌದೆ ಒಟ್ಟುವ ಗುಲಾಮರು.

ಕೊರಿಯಾದ ಒಂಡೊಲ್‌ನಲ್ಲಿ ಬೆಂಕಿ ಮನೆಯವರದೇ. ಅಡುಗೆ ಒಲೆಯ ಹೊಗೆ ಪಕ್ಕದ ಕೋಣೆಯ ಕಲ್ಲುಚಪ್ಪಡಿಗಳ ಕೆಳಗೆ ಹಾದು ಆಚೆ ಬದಿಯ ಹೊಗೆಗೂಡಿನಿಂದ ಹೊರಹೋಗುತ್ತಿತ್ತು. ಒಲೆಗೆ ಹತ್ತಿರದ ನೆಲ ಹೆಚ್ಚು ಬಿಸಿ. ಅದು ಹಿರಿಯರಿಗೆ, ಅತಿಥಿಗಳಿಗೆ ಮೀಸಲು. ಸೆಕೆಯಾದವರು ದೂರ ಸರಿದು ಕೂರುತ್ತಿದ್ದರು.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೋದಲ್ಲಿ ಇಂಥದೊಂದು ಕೊರಿಯನ್ ಕೋಣೆಯಲ್ಲಿ ಕೂತು ಬೆರಗಾಗಿದ್ದ. 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಜೇಕಬ್ಸ್ ದಂಪತಿಗೆ ಕಟ್ಟಿದ ಮನೆಯಲ್ಲಿ ಅವನು ನೆಲದಡಿ ಹೊಗೆಯ ಬದಲು ಕೊಳವೆ ಹಾಯಿಸಿದ. ಕೊಳವೆ ಬಂದಮೇಲೆ ಬೆಂಕಿ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕಾದ ಅಗತ್ಯ ಉಳಿಯಲಿಲ್ಲ. ಅಪಾರ್ಟ್‌ಮೆಂಟುಗಳಲ್ಲಂತೂ ನೂರಾರು ಮನೆಗಳಿಗೆ ಒಂದೇ ಬಾಯ್ಲರ್. ಪೂರ್ವ ಜರ್ಮನಿಯ ಅನೇಕ ಕಾಂಕ್ರೀಟ್ ವಸತಿಗಳಲ್ಲಿ ಶಾಖ ತಗ್ಗಿಸಲು ತಿರುಪು ಇರಲಿಲ್ಲ. ಸೆಕೆಯಾದರೆ ನಡುಚಳಿಯಲ್ಲೂ ಕಿಟಕಿ ತೆರೆಯುತ್ತಿದ್ದರು. ಪಶ್ಚಿಮ ಜರ್ಮನಿ 1981ರಲ್ಲಿ, ಬಳಸಿದಷ್ಟು ಶಾಖಕ್ಕೆ ಆಯಾ ಮನೆಯವರೇ ಹಣ ತೆರಬೇಕೆಂದು ನಿಯಮ ಮಾಡಿತು. ಅಲ್ಲಿಂದ ತಿರುಪು ಎಂಬುದು ಸೌಕರ್ಯ ಮಾತ್ರವಲ್ಲ, ಲೆಕ್ಕದ ಮಾತೂ ಆಯಿತು.

ಈ ಚರಿತ್ರೆ ನಮ್ಮ ಮನೆಗೂ ಬಂತು. ಜರ್ಮನಿಯಲ್ಲಿರುವ ತಮ್ಮನ ಬಳಿಗೆ ಹೋದ ಅವ್ವನಿಗೆ ಸಕ್ಕರೆ ಕಾಯಿಲೆ, ಪಾದಗಳಿಗೆ ಜೋಮು. ನೆಲ ಎಷ್ಟು ಕಾದಿದೆಯೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಜನ ಓಡಾಡುವ ನೆಲ 29 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ಯುರೋಪಿನ ಮಾನದಂಡ.

“ಅಣ್ಣಾ, ಅವ್ವನ ಖೋಲಿ ನೆಲಾ ಸುಡಾಕತ್ತೈತಿ. ಎಷ್ಟ್ ತಿರುವಿದ್ರೂ ಕಡಿಮಿ ಆಗವಲ್ದು,” ಎಂದ ತಮ್ಮ ಫೋನಿನಲ್ಲಿ.

ಹಿಂದಿನಿಂದ ಅವ್ವನ ದನಿ: “ಅದರ ಒಲಿ ಎಲ್ಲೈತಿ ಕೇಳೋ. ಒಂದ್ ಕೊಳ್ಳಿ ಹಿಂದ ಎಳದ್ರ ಆತು.”

ಒಲೆ ಹುಡುಕುವುದೇ ಕೆಲಸವಾಯಿತು. ಗೋಡೆಯ ಪೆಟ್ಟಿಗೆಯೊಂದರಲ್ಲಿ ಪ್ರತಿ ಕೋಣೆಗೂ ಹೋಗಿಬರುವ ಕೊಳವೆಗಳು, ಒಂದೊಂದಕ್ಕೂ ಒಂದು ವಾಲ್ವ್. ಗೋಡೆಯ ಥರ್ಮೋಸ್ಟಾಟ್ ಹೇಳಿದಂತೆ ಆ ವಾಲ್ವ್ ತೆರೆಯಬೇಕು, ಮುಚ್ಚಬೇಕು. ರಿಪೇರಿಗೆ ಬಂದವನು ಎಲ್ಲ ಕೋಣೆಗಳ ಥರ್ಮೋಸ್ಟಾಟ್ ಪೂರ್ತಿ ಇಳಿಸಿ, ಅವ್ವನ ಕೋಣೆಯದನ್ನು ಮಾತ್ರ ಏರಿಸಿದ. ನೆಲ ಮುಟ್ಟಿ ನೋಡಲಿಲ್ಲ. ದಪ್ಪ ಕಾಂಕ್ರೀಟ್ ಬಿಸಿಯಾಗಲು, ಆರಲು ಬಹಳ ಹೊತ್ತು ಬೇಕು. ಪೆಟ್ಟಿಗೆಯ ಕೊಳವೆಗಳನ್ನೇ ಮುಟ್ಟುತ್ತ ಕಾದ. ಬಿಸಿಯಾದದ್ದು ಹಾಲಿನ ಕೊಳವೆ! ಎರಡು ಕೋಣೆಗಳ ತಂತಿ ಅದಲುಬದಲಾಗಿತ್ತು. ಹಾಲಿನ ಕಿಟಕಿ ತೆರೆದಾಗೆಲ್ಲ ಅಲ್ಲಿನ ಥರ್ಮೋಸ್ಟಾಟ್ ಚಳಿಯೆಂದು ಕೂಗುತ್ತಿತ್ತು, ಕಾಯುತ್ತಿದ್ದದ್ದು ಅವ್ವನ ನೆಲ. ತಂತಿ ಸರಿಪಡಿಸಿದ ಮೇಲೂ ನೆಲ ಹದಕ್ಕೆ ಬಂದದ್ದು ಮರುದಿನ.

ಹಳೆಯ ಸ್ನಾನಗೃಹಗಳ ಚಿತ್ರಗಳಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಕಂಬಗಳ ಸಾಲಿಗೆ. ಸ್ವಲ್ಪ ಬದಿಗೆ ಕುಲುಮೆಯ ಬಾಯಿಯೂ ಇರುತ್ತದೆ, ಮಸಿ ಹಿಡಿದು. ಶಾಖ ಹೆಚ್ಚಾಯಿತೆಂದು ಮೇಲಿನವರು ಹೇಳಿದರೆ ಕೇಳಿಸಿಕೊಳ್ಳಲು ಅಲ್ಲೊಬ್ಬ ಮನುಷ್ಯನಿದ್ದ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.