ಖುರಾಕಿನ ಲೆಕ್ಕ

ಕಳೆದ ದೀಪಾವಳಿಗೆ ಗಜೇಂದ್ರಗಡಕ್ಕೆ ಹೋದಾಗ ಕಾಕಾ ಕೇಳಿದರು, "ನಿನ್ನ ಪಿಎಚ್‌ಡಿ ಯಾವುದರ ಮ್ಯಾಲ?" ಎರಡು ಮಹಾಯುದ್ಧಗಳ ನಡುವಿನ ಫುಟ್‌ಬಾಲ್ ಆಟಗಾರರ ಮೇಲೆ ಅಂದೆ. ಅವರು ಎಲೆ ಅಡಿಕೆ ಮಡಚುವುದನ್ನು ನಿಲ್ಲಿಸಿ, "ನಮ್ಮ ಕಡಿ ಇರೋದು ಕುಸ್ತಿ. ಅದನ್ನ ಬಿಟ್ಟು ಆ ಚೆಂಡಿನ ಬೆನ್ನ ಹತ್ತೀಯಲ್ಲ! ಹೋಗ್ಲಿ, ಅವರ ಹೊಟ್ಟಿಪಾಡು ಹ್ಯಾಂಗ ನಡೀತಿತ್ತು?" ಅಂದರು. ನನ್ನ ಇಡೀ ಪ್ರಬಂಧದ ಪ್ರಶ್ನೆಯೇ ಅದು. ನಾನು ಅದನ್ನು ಅಷ್ಟು ನೇರವಾಗಿ ಎಲ್ಲೂ ಬರೆದಿರಲಿಲ್ಲ.

ಇಂಗ್ಲೆಂಡಿನ ಉತ್ತರ ಸುಲಭ. ಅಲ್ಲಿ 1885ರಲ್ಲೇ ಆಟಕ್ಕೆ ಕೂಲಿ ಕೊಡುವುದು ಕಾನೂನುಬದ್ಧವಾಯಿತು. 1922ರಿಂದ ಆಟದ ಹಂಗಾಮಿನಲ್ಲಿ ವಾರಕ್ಕೆ 8 ಪೌಂಡ್, ಬೇಸಿಗೆಯಲ್ಲಿ 6 ಪೌಂಡ್. ಎಂಥ ದೊಡ್ಡ ಆಟಗಾರನಿಗೂ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. "ನಮ್ಮ ರೂಪಾಯಿ ಎಷ್ಟಾತು?" ಅಂದರು ಕಾಕಾ. 1927ರ ನಂತರದ ದರದಲ್ಲಿ ಒಂದು ಪೌಂಡಿಗೆ ಹದಿಮೂರು ಚಿಲ್ಲರೆ ರೂಪಾಯಿ, ಅಂದರೆ ವಾರಕ್ಕೆ ಸುಮಾರು 107. ಕಡಿಮೆ ದುಡ್ಡಲ್ಲ. ಆದರೆ 1928ರಲ್ಲಿ ಆರ್ಸೆನಲ್ ಕ್ಲಬ್ಬು ಡೇವಿಡ್ ಜ್ಯಾಕ್‌ನನ್ನು ಬೋಲ್ಟನ್‌ನಿಂದ ಹತ್ತು ಸಾವಿರ ಪೌಂಡಿಗೂ ಹೆಚ್ಚು ಕೊಟ್ಟು ತಂದಾಗ ಆ ಹಣ ಹೋದದ್ದು ಬೋಲ್ಟನ್ ಕ್ಲಬ್ಬಿಗೆ. ಜ್ಯಾಕ್‌ಗೆ ಸಿಗಬಹುದಾದ ಸಂಬಳ ಅದೇ 8 ಪೌಂಡ್. ಕರಾರು ಮುಗಿದರೂ ಕ್ಲಬ್ಬು ಒಪ್ಪದೆ ಆಟಗಾರ ಬೇರೆ ಕಡೆ ಹೋಗುವಂತಿರಲಿಲ್ಲ. ನಮ್ಮ ಜೀತದ ಚೀಟಿಗಳು ನೆನಪಾಗುತ್ತವೆ, ಆದರೆ ಹೋಲಿಕೆಯನ್ನು ಬಹಳ ಎಳೆಯಬಾರದು. ಅವನಿಗೆ ಶನಿವಾರ ಚಪ್ಪಾಳೆಯಾದರೂ ಸಿಗುತ್ತಿತ್ತು.

ನಮ್ಮ ಕಡೆಯ ಕಥೆ ಬೇರೆ. ಆಗ ರೋಣ, ನರಗುಂದದ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಇಲ್ಲಿ ಗರಡಿಮನೆ ಇತ್ತು, ಗೋರಾ ಪಲ್ಟನ್ನಿನ ಬಿಡಾರ ಇರಲಿಲ್ಲ. ಫುಟ್‌ಬಾಲ್ ಸಿಪಾಯಿಗಳ ಹಿಂದೆ ಬಂದ ಆಟ. 1809ರಿಂದ ದಂಡು ಬೀಡುಬಿಟ್ಟ ಬೆಂಗಳೂರಿನಲ್ಲಿ ಅದು ಬೇರುಬಿಟ್ಟಿತು. ಸಿಪಾಯಿಗಳ ಆಟವನ್ನು ನೋಡಿ ಕಲಿತ ದಂಡಿನ ಓಣಿಗಳ ಹುಡುಗರು ಬರಿಗಾಲಲ್ಲೇ ಆಡಿದರು. ಮುಂಬೈಯ ರೋವರ್ಸ್ ಕಪ್ 1891ರಿಂದ ಬಹುತೇಕ ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ 'ಬೆಂಗಳೂರು ಮುಸ್ಲಿಮ್ಸ್'. ಮರುವರ್ಷ ಮತ್ತೆ ಗೆದ್ದರು. 1937ರ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಳ್ಳುತ್ತಿತ್ತು. ಈಸ್ಟ್ ಬೆಂಗಾಲ್‌ಗೂ ಈ ಕಡೆಯಿಂದ ಲಕ್ಷ್ಮೀನಾರಾಯಣ, ಮುರ್ಗೇಶ್ ಹೋದರು. ಲಕ್ಷ್ಮೀನಾರಾಯಣ 1938ರಲ್ಲಿ ಭಾರತ ತಂಡದೊಂದಿಗೆ ಆಸ್ಟ್ರೇಲಿಯಾಕ್ಕೂ ಹೋಗಿ ಬಂದರು.

ಇವರೆಲ್ಲ ಕಾಗದದ ಮೇಲೆ ಹವ್ಯಾಸಿಗಳು. ಸಂಬಳ ಅನ್ನುವ ಶಬ್ದವೇ ಇಲ್ಲ. ಹಾಗಾದರೆ ಬೆಂಗಳೂರಿನ ಹುಡುಗ ರೈಲು ಹತ್ತಿ ಕಲ್ಕತ್ತೆಗೆ ಯಾಕೆ ಹೋಗಬೇಕು? ಇಂಥವರಿಗೆ ಮೆಸ್ಸಿನಲ್ಲಿ ಊಟ, ವಸತಿ, ಕೈಖರ್ಚು, ಅದೃಷ್ಟವಿದ್ದರೆ ಯಾವುದಾದರೂ ಕಚೇರಿಯಲ್ಲಿ ನೌಕರಿ ಸಿಗುತ್ತಿತ್ತು ಎಂದು ವಿವರಿಸಿದೆ. ಕಾಕಾ ತಟ್ಟನೆ, "ಅಂದ್ರ ಖುರಾಕು ಅನ್ನು!" ಅಂದರು.

ಪೈಲ್ವಾನನಿಗೆ ಹಾಲು, ಬಾದಾಮಿ, ತುಪ್ಪಕ್ಕೆಂದು ಊರಿನವರೋ ಸಂಸ್ಥಾನದವರೋ ಕೊಡುವುದು ಖುರಾಕು. ಕೊಲ್ಹಾಪುರದ ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿದ್ದು ಹಾಗೆಯೇ. ಅದು ಕೂಲಿಯಲ್ಲ, ಮರ್ಯಾದೆ. ಕೊಡುವವನಿಗೆ ಮನಸ್ಸಿರುವ ತನಕ ಇರುತ್ತದೆ, ಪೈಲ್ವಾನನ ಮಂಡಿ ಮುರಿದ ದಿನ ನಿಲ್ಲುತ್ತದೆ. ಕೇಳುವ ಹಕ್ಕಿಲ್ಲ. ಇಂಗ್ಲೆಂಡಿನ ಆಟಗಾರರ ಸಂಘ ಈ 8 ಪೌಂಡಿನ ಮಿತಿಯ ವಿರುದ್ಧ ಜಗಳವಾಡುತ್ತಲೇ ಇದ್ದು, ಕೊನೆಗೆ 1961ರಲ್ಲಿ ಸಂಬಳದ ಮಿತಿಯನ್ನೇ ತೆಗೆಸಿತು. ಎಷ್ಟು ಎಂದು ಬರೆದಿದ್ದಕ್ಕೇ ಅದು ಕಡಿಮೆ ಎನ್ನಲು ಬಂತು. ನಮ್ಮವರಿಗೆ ಜಗಳಕ್ಕೂ ಒಂದು ಅಂಕಿ ಇರಲಿಲ್ಲ.

ಹವ್ಯಾಸಿ ಎಂಬ ಹಣೆಪಟ್ಟಿಯಿಂದ ಒಂದು ಲಾಭವೂ ಆಯಿತೆನ್ನಿ. ಕೂಲಿ ಪಡೆದವನಿಗೆ ಆಗ ಒಲಿಂಪಿಕ್ಸ್‌ನಲ್ಲಿ ಪ್ರವೇಶವಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನ ಭಾರತ ತಂಡದಲ್ಲಿ ಬೆಂಗಳೂರಿನ ಹಲವರಿದ್ದರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಭಾರತದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈಬಿಟ್ಟು 1-2ರಿಂದ ಸೋತರು. ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು.

ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ತಂದೆ ಬಾಬಾ ಖಾನ್ ಕೂಡ ಆಟಗಾರರು. 1949ರಲ್ಲಿ ಅವರೂ ಹಿರಿಯರ ದಾರಿಯಲ್ಲೇ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆಗೆ ಇವರು: ಐವರೂ ದಕ್ಷಿಣದವರು. ಬಂಗಾಳಿಗಳು ಅವರನ್ನು ಪಂಚಪಾಂಡವರು ಎಂದು ಕರೆದರು. 1949ರಿಂದ 1951ರವರೆಗೆ ಮೂರು ವರ್ಷ ಸತತ ಐಎಫ್ಎ ಶೀಲ್ಡ್ ಅವರ ಕ್ಲಬ್ಬಿಗೇ ಬಂತು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಗೋಲು ಅಹ್ಮದ್ ಖಾನ್ ಅವರದು. 2017ರಲ್ಲಿ ತೀರಿಕೊಂಡರು.

ಇಷ್ಟು ಹೇಳಿ ಮುಗಿಸಿದಾಗ ಕಾಕಾ ಸುಣ್ಣದ ಡಬ್ಬಿ ಮುಚ್ಚಿದರು. "ಪಂಚಪಾಂಡವರು ಅಂದ್ರು, ಛಲೋ ಆತು. ಪಗಾರ ಎಷ್ಟು ಕೊಟ್ರು, ಅದನ್ನ ಹೇಳು."